ಕೈ ಬಿಗಿಹಿಡಿದವರ ಸೋರ್‌ಡೋ: ತುಮಕೂರಿನ ಅಡುಗೆಮನೆಯಿಂದ ಒಂದು ವಿಮರ್ಶೆ

ಹಿಟ್ಟು, ನೀರು, ಉಪ್ಪು ಇಷ್ಟಿದ್ದರೆ ಮನೆಯಲ್ಲೇ, ಅಂಗಡಿಯ ಯೀಸ್ಟ್ ಇಲ್ಲದೆ ಹುಳಿಹಿಟ್ಟಿನಿಂದ ಉಬ್ಬಿಸುವ ಸೋರ್‌ಡೋ ಬ್ರೆಡ್ ಮಾಡಿಕೊಳ್ಳಬಹುದು ಎಂಬ ಮಾತು 2020ರ ಲಾಕ್‌ಡೌನ್ ಕಾಲದಿಂದ ಎಲ್ಲೆಡೆ ಕೇಳಿಬರುತ್ತಿದೆ. ಮಾತೇನೋ ನಿಜ. ಆದರೆ ಅದನ್ನು ನಂಬಿ ಹೊರಟವರಲ್ಲಿ ಅನೇಕರು ತಿಂಗಳು ಕಳೆಯುವುದರೊಳಗೆ ದೊಡ್ಡ ಓವನ್, ಮುಚ್ಚಳವಿರುವ ಎರಕದ ಕಬ್ಬಿಣದ ಪಾತ್ರೆ, ಬೆತ್ತದ ಬುಟ್ಟಿ, ಹೊರದೇಶದ ಬ್ರೆಡ್ ಹಿಟ್ಟು ಎಂದು ಸಾವಿರಾರು ರೂಪಾಯಿ ಖರ್ಚು ಮಾಡಿ, ಕೊನೆಗೆ ಅವೆಲ್ಲವನ್ನೂ ಅಟ್ಟಕ್ಕೆ ಏರಿಸುತ್ತಾರೆ. ಬೇಕಿಂಗನ್ನು ಈಗಷ್ಟೇ ಕಲಿಯುತ್ತಿರುವ, ತಿಂಗಳ ಖರ್ಚನ್ನು ಲೆಕ್ಕ ಹಾಕಿಯೇ ನಡೆಸುವ ತುಮಕೂರಿನಂಥ ಊರಿನ ಮನೆಗೆ ಈ ಬ್ರೆಡ್ ಒಗ್ಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸೋರ್‌ಡೋದಲ್ಲಿ ದುಬಾರಿಯಾದ ಭಾಗವೆಂದರೆ ಅದರ ಫೋಟೋ. ದುಂಡಗೆ ಉಬ್ಬಿ, ಮೇಲೆ ಸೀಳಿಕೊಂಡು, ಕಂದು ಹೊಳಪಿನ ಗಟ್ಟಿ ಸಿಪ್ಪೆ ಹೊದ್ದ ಆ ರೂಪವೇ ಬೇಕೆಂದು ಹಟ ಹಿಡಿದರೆ ಕೈಯಲ್ಲಿರುವ ಹಣ ಸಾಲುವುದಿಲ್ಲ. ರೂಪವನ್ನು ಬಿಟ್ಟುಕೊಟ್ಟು ಹುದುಗನ್ನು ಮಾತ್ರ ಉಳಿಸಿಕೊಂಡರೆ ಅದೇ ಬ್ರೆಡ್ ಸಾಧಾರಣ ಮನೆಯ ಖರ್ಚಿನೊಳಗೇ ಬರುತ್ತದೆ.

ಹುದುಗಿನ ವಿಷಯದಲ್ಲಿ ನಮ್ಮವರಿಗೆ ಅಂಥ ಪಾಠವೇನೂ ಬೇಕಾಗಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ರಾತ್ರಿ ಇಟ್ಟ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತದೆ ಎನ್ನುವುದು ಹೊಸ ಸಂಗತಿಯಲ್ಲ. ಅಂಗಡಿಯ ಯೀಸ್ಟ್ ಹಾಕದೆ, ಹಿಟ್ಟಿನಲ್ಲಿ ಸಹಜವಾಗಿಯೇ ಇರುವ ಯೀಸ್ಟ್ ಮತ್ತು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳನ್ನು ಒಂದು ಡಬ್ಬಿಯಲ್ಲಿ ಪೋಷಿಸಿ ಇಟ್ಟುಕೊಳ್ಳುವ ಹುಳಿಹಿಟ್ಟೇ ಸ್ಟಾರ್ಟರ್. ಅದರಲ್ಲಿನ ಯೀಸ್ಟ್ ಅನಿಲ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ, ಬ್ಯಾಕ್ಟೀರಿಯಾ ಹುಳಿಯನ್ನೂ ಪರಿಮಳವನ್ನೂ ಕೊಡುತ್ತದೆ. ಇಡ್ಲಿ ಹಿಟ್ಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಡ್ಲಿಗೆ ಪ್ರತಿ ಸಲವೂ ಹೊಸದಾಗಿ ರುಬ್ಬಿದ ಹಿಟ್ಟು ತಾನಾಗಿಯೇ ಒಂದು ರಾತ್ರಿಯಲ್ಲಿ ಹುದುಗುತ್ತದೆ. ಬ್ರೆಡ್ಡಿನ ಸ್ಟಾರ್ಟರ್ ಮಾತ್ರ ಬಲ ಪಡೆಯಲು ಒಂದರಿಂದ ಎರಡು ವಾರ ತೆಗೆದುಕೊಳ್ಳುತ್ತದೆ, ಅಷ್ಟೂ ದಿನ ಅದಕ್ಕೆ ಹೊಸ ಹಿಟ್ಟು, ನೀರು ಕೊಡುತ್ತಲೇ ಇರಬೇಕಾಗುತ್ತದೆ.

ಹೊಸಬರ ದುಡ್ಡು ಮೊದಲು ಸೋರುವುದು ಇಲ್ಲಿಯೇ. ದಿನಕ್ಕೆ ನೂರು ಗ್ರಾಂ ಹಿಟ್ಟು ಹಾಕಿ, ಅರ್ಧಕ್ಕಿಂತ ಹೆಚ್ಚನ್ನು ಚೆಲ್ಲಿ, ಮತ್ತೆ ನೂರು ಗ್ರಾಂ ಹಾಕಿ ಎಂದು ಹೇಳಿಕೊಡುವವರೇ ಹೆಚ್ಚು. ಹಾಗೆ ಮಾಡಿದರೆ ಎರಡು ವಾರಕ್ಕೆ ಹತ್ತಿರಹತ್ತಿರ ಒಂದೂವರೆ ಕಿಲೋ ಹಿಟ್ಟು ಮೋರಿ ಸೇರುತ್ತದೆ. ಇಪ್ಪತ್ತು ಗ್ರಾಂ ಹಳೆಯ ಸ್ಟಾರ್ಟರಿಗೆ ಇಪ್ಪತ್ತು ಗ್ರಾಂ ಹಿಟ್ಟು, ಅಷ್ಟೇ ತೂಕದ ನೀರು ಸಾಕು; ಎರಡು ವಾರಕ್ಕೆ ಮುನ್ನೂರು ಗ್ರಾಂ ಹಿಟ್ಟು ಕೂಡ ಮುಗಿಯುವುದಿಲ್ಲ, ಖರ್ಚು ಹದಿನೈದು ರೂಪಾಯಿಯ ಒಳಗೆ. ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಹಳೆಯದಕ್ಕೆ ತಕ್ಕ ಅನುಪಾತದ ಹೊಸ ಹಿಟ್ಟು, ಡಬ್ಬಿಯ ಗಾತ್ರವಲ್ಲ. ಮಿಲ್ಲಿನಲ್ಲಿ ಬೀಸಿಸಿದ ಇಡೀ ಗೋಧಿಯ ಹಿಟ್ಟು, ಜೊತೆಗೆ ಒಂದು ಚಮಚ ರಾಗಿ ಹಿಟ್ಟು ಇದ್ದರೆ ಆರಂಭ ಚುರುಕಾಗುತ್ತದೆ, ಏಕೆಂದರೆ ಈ ಜೀವಿಗಳು ಹೆಚ್ಚಾಗಿ ಕಾಳಿನ ಹೊಟ್ಟಿನ ಭಾಗದಲ್ಲಿಯೇ ಇರುತ್ತವೆ. ಬುಗುಡನಹಳ್ಳಿಯಿಂದ ಬರುವ ಹೇಮಾವತಿಯ ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಕಂಡ ದಿನ ಅದನ್ನು ರಾತ್ರಿಯಿಡೀ ತೆರೆದ ಪಾತ್ರೆಯಲ್ಲಿಟ್ಟು ಬಳಸಿದರೆ ಆಯಿತು. ಇದಕ್ಕಾಗಿ ಬಾಟಲಿ ನೀರು ತರುವ ಅಗತ್ಯವಿಲ್ಲ.

ಎರಡನೆಯ ಅಥವಾ ಮೂರನೆಯ ದಿನ ಡಬ್ಬಿಯಲ್ಲಿ ಜೋರಾಗಿ ಗುಳ್ಳೆಗಳೇಳುತ್ತವೆ. ಅದನ್ನು ಕಂಡು ಬ್ರೆಡ್ ಮಾಡಲು ಹೊರಟರೆ ಕಲ್ಲಿನಂಥ ಮುದ್ದೆ ಸಿಗುತ್ತದೆ. ಆ ಗುಳ್ಳೆ ಯೀಸ್ಟಿನದಲ್ಲ, ಮೊದಲು ಬಂದು ಮೊದಲೇ ಹೋಗುವ ಬೇರೆ ಬ್ಯಾಕ್ಟೀರಿಯಾಗಳದು. ಅನಂತರ ಕೆಲವು ದಿನ ಡಬ್ಬಿ ಸತ್ತಂತೆ ಸುಮ್ಮನಿರುತ್ತದೆ, ಕೆಟ್ಟ ವಾಸನೆಯೂ ಬರಬಹುದು. ಬಹಳ ಮಂದಿ ಇದೇ ಹಂತದಲ್ಲಿ ಕೈಚೆಲ್ಲಿ ಎಲ್ಲವನ್ನೂ ಎಸೆಯುತ್ತಾರೆ. ವಾಸ್ತವದಲ್ಲಿ ಹುಳಿ ಏರಿದಂತೆ ಬೇಡದ ಜೀವಿಗಳು ಅಡಗಿ, ಹುಳಿಯನ್ನು ತಾಳಿಕೊಳ್ಳುವ ಯೀಸ್ಟ್ ತಲೆ ಎತ್ತಲು ಆ ದಿನಗಳು ಬೇಕು. ಹಿಟ್ಟು ಕೊಟ್ಟ ಕೆಲವೇ ಗಂಟೆಗಳಲ್ಲಿ ಸ್ಟಾರ್ಟರ್ ಇಮ್ಮಡಿಯಾಗಿ, ದಿನ ಬಿಟ್ಟು ದಿನವಲ್ಲದೆ ಸತತವಾಗಿ ಹಾಗೆಯೇ ನಡೆದುಕೊಂಡರೆ ಮಾತ್ರ ಅದು ಸಿದ್ಧವಾಗಿದೆ ಎಂದು ತಿಳಿಯಬೇಕು. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಸ್ಟು ಕಂಡರೆ ಮಾತ್ರ ಹಿಂದುಮುಂದು ನೋಡದೆ ಚೆಲ್ಲಬೇಕು. ಸ್ಟಾರ್ಟರ್ ಬಲಿತ ಮೇಲೆ ಮಿಕ್ಕುವ ಹುಳಿಹಿಟ್ಟನ್ನು ಫ್ರಿಜ್ಜಿನಲ್ಲಿ ಕೂಡಿಟ್ಟು, ಗೋಧಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ದೋಸೆ ಹುಯ್ದರೆ ಎಸೆಯುವ ಮಾತೇ ಬರುವುದಿಲ್ಲ. ಮೊದಲ ವಾರದ ಹಿಟ್ಟನ್ನು ಮಾತ್ರ ತಿನ್ನುವುದಕ್ಕೆ ಬಳಸಬಾರದು.

ಒಣಗಿಸಿದ ಸ್ಟಾರ್ಟರನ್ನು ಪೊಟ್ಟಣ ಮಾಡಿ ಆನ್‌ಲೈನಿನಲ್ಲಿ ಮಾರುತ್ತಾರೆ. ದೂರದೇಶದ, ನೂರಾರು ವರ್ಷ ಹಳೆಯದಾದ ತಳಿ ಎಂಬ ವರ್ಣನೆಗಳೂ ಅವುಗಳೊಂದಿಗೆ ಬರುತ್ತವೆ. ಕೈ ಬಿಗಿ ಇರುವವರು ಇದಕ್ಕೆ ಹಣ ಕೊಡಬೇಕಾಗಿಲ್ಲ. ನಿಮ್ಮ ಹಿಟ್ಟು, ನಿಮ್ಮ ಅಡುಗೆಮನೆಯ ಶಾಖ, ನೀವು ಹಿಟ್ಟು ಕೊಡುವ ವೇಳೆ ಇವುಗಳಿಗೆ ತಕ್ಕಂತೆ ಅದರೊಳಗಿನ ಜೀವಿಗಳ ಸಮತೋಲ ಬದಲಾಗುತ್ತ ಹೋಗುತ್ತದೆ. ಗುರುತಿನವರಲ್ಲಿ ಯಾರಾದರೂ ಸೋರ್‌ಡೋ ಮಾಡುತ್ತಿದ್ದರೆ, ಹೆಪ್ಪಿಗೆ ಮೊಸರು ಕೇಳಿ ತರುವಂತೆ, ಒಂದು ಚಮಚ ಕೇಳಿ ತಂದರೆ ಎರಡು ವಾರದ ಕಾಯುವಿಕೆಯೂ ಉಳಿಯುತ್ತದೆ.

ಹಿಟ್ಟಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇತರ ದೇಶಗಳ ಪಾಕವಿಧಾನಗಳು ನಮ್ಮಲ್ಲಿ ಕೈಕೊಡುವುದು ಇದರಿಂದಲೇ. ಅಲ್ಲಿನ ಬ್ರೆಡ್ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸಾಮಾನ್ಯವಾಗಿ ಹನ್ನೆರಡು ಹದಿಮೂರು ಗ್ರಾಂ ಪ್ರೋಟೀನ್ ಇರುತ್ತದೆ. ಮಂಡಿಪೇಟೆಯ ಅಂಗಡಿಗಳಲ್ಲಿ ಸಿಗುವ ಸಾಧಾರಣ ಮೈದಾದಲ್ಲಿ ಹತ್ತು ಹನ್ನೊಂದರ ಆಸುಪಾಸು. ಪ್ರೋಟೀನ್ ಕಡಿಮೆಯಾದಷ್ಟೂ ಹಿಟ್ಟಿನ ಎಳೆ ಸಡಿಲ, ಅದು ಹಿಡಿದಿಟ್ಟುಕೊಳ್ಳುವ ನೀರೂ ಕಡಿಮೆ. ನೂರು ಗ್ರಾಂ ಹಿಟ್ಟಿಗೆ ಎಪ್ಪತ್ತೈದು ಎಂಬತ್ತು ಗ್ರಾಂ ನೀರು ಎಂಬ ಅಳತೆಯನ್ನು ಮೈದಾಕ್ಕೆ ಅನ್ವಯಿಸಿದರೆ ಪರಾತದ ತುಂಬ ಗಂಜಿ ಹರಡಿಕೊಳ್ಳುತ್ತದೆ. ಅರವತ್ತೈದರಿಂದ ಶುರುಮಾಡುವುದು ಕ್ಷೇಮ. ಚಪಾತಿಯ ಗೋಧಿ ಹಿಟ್ಟಿನದು ಬೇರೆಯದೇ ಸ್ವಭಾವ. ಪೊಟ್ಟಣದ ಮೇಲೆ ಪ್ರೋಟೀನ್ ಹೆಚ್ಚೇ ಕಾಣಿಸಿದರೂ, ಬೀಸುಕಲ್ಲಿನ ಒತ್ತಡದಲ್ಲಿ ಅದರ ಪಿಷ್ಟದ ಕಣಗಳು ಹೆಚ್ಚು ಒಡೆದಿರುತ್ತವೆ, ಅದಕ್ಕೇ ಅದು ನೀರನ್ನು ಬಹಳ ಕುಡಿಯುತ್ತದೆ. ಮೃದುವಾದ ಚಪಾತಿಗೆ ಬೇಕಾದದ್ದೂ ಆ ಗುಣವೇ. ಹುದುಗಿಗೆ ಗಂಟೆಗಟ್ಟಲೆ ಬಿಟ್ಟಾಗ ಮಾತ್ರ ಒಡೆದ ಪಿಷ್ಟ ಸಕ್ಕರೆಯಾಗಿ ಹಿಟ್ಟು ಅಂಟಂಟಾಗುತ್ತದೆ, ಹೊಟ್ಟಿನ ಚೂರುಗಳು ಎಳೆಗಳನ್ನು ಕಡಿಯುತ್ತವೆ, ಬ್ರೆಡ್ ಒತ್ತೊತ್ತಾಗಿ ಬರುತ್ತದೆ. ಆದ್ದರಿಂದ ಹೊಸಬರು ಇಡೀ ಗೋಧಿಯ ಸೋರ್‌ಡೋದಿಂದ ಆರಂಭಿಸಬಾರದು. ಮೂರು ಪಾಲು ಮೈದಾಕ್ಕೆ ಒಂದು ಪಾಲು ಗೋಧಿ ಹಿಟ್ಟು ಎಂಬುದು ರುಚಿಗೂ ಉಬ್ಬಿಗೂ ಹೊಂದುವ ಅಳತೆ.

ರಾಗಿ ಬೆಳೆಯುವ ಜಿಲ್ಲೆಯಲ್ಲಿದ್ದು ರಾಗಿಯ ಮಾತೆತ್ತದಿರುವುದು ಹೇಗೆ? ರಾಗಿಯಲ್ಲಿ ಗ್ಲುಟೆನ್, ಅಂದರೆ ಹಿಟ್ಟಿಗೆ ಎಳೆ ಕೊಡುವ ಗೋಧಿಯ ಪ್ರೋಟೀನ್ ಇಲ್ಲ, ಹಾಗಾಗಿ ಅದು ಉಬ್ಬಿಗೆ ನೆರವಾಗದು. ಒಟ್ಟು ಹಿಟ್ಟಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಕಿದರೆ ಬ್ರೆಡ್ ಕುಸಿಯತೊಡಗುತ್ತದೆ. ಅಷ್ಟನ್ನೇ ಹಸಿಯಾಗಿ ಬೆರೆಸುವ ಬದಲು ನೀರಿನಲ್ಲಿ ಅಂಬಲಿಯಂತೆ ಕಾಯಿಸಿ, ಆರಿಸಿ ಕಲಸಿದರೆ ಬೆಂದ ಪಿಷ್ಟ ನೀರನ್ನು ಹಿಡಿದಿಟ್ಟುಕೊಂಡು ಬ್ರೆಡ್ಡನ್ನು ಮರುದಿನವೂ ಮೆತ್ತಗಿರಿಸುತ್ತದೆ. ಪಡಿತರದಲ್ಲಿ ರಾಗಿ ಬರುವ ಮನೆಗೆ ಇದು ಖರ್ಚಿಲ್ಲದ ಉಪಾಯ, ಪರಿಮಳವೂ ನಮ್ಮದೇ.

ಹವೆಯ ವಿಚಾರದಲ್ಲಿ ಶುರುಮಾಡುವ ತಿಂಗಳನ್ನು ಆರಿಸಿಕೊಳ್ಳುವುದೇ ದೊಡ್ಡ ಉಳಿತಾಯ. ಮಾರ್ಚ್‌ನಿಂದ ಮೇ ತನಕ ತುಮಕೂರಿನ ಮಧ್ಯಾಹ್ನಗಳು 35 ಡಿಗ್ರಿ ಸೆಲ್ಸಿಯಸ್ ದಾಟುತ್ತವೆ. ಆಗ ಸ್ಟಾರ್ಟರ್ ಮೂರು ನಾಲ್ಕು ಗಂಟೆಯಲ್ಲಿ ಉಬ್ಬಿ ಇಳಿದು ಹುಳಿಯಾಗುತ್ತದೆ, ಕಲಸಿದ ಹಿಟ್ಟು ಒಂದು ಸಂಜೆಯ ಮೈಮರೆವಿನಲ್ಲಿ ಕರಗಿ ನೀರಾಗುತ್ತದೆ. ಐದು ಗ್ರಾಂ ಸ್ಟಾರ್ಟರಿಗೆ ಇಪ್ಪತ್ತಿಪ್ಪತ್ತು ಗ್ರಾಂ ಹಿಟ್ಟು ನೀರು ಕೊಟ್ಟು ವೇಗ ತಗ್ಗಿಸಬಹುದು, ತಣ್ಣೀರಿನಲ್ಲಿ ಕಲಸಬಹುದು. ಆದರೆ ಕಲಿಯುವವರಿಗೆ ಅಷ್ಟು ಎಚ್ಚರ ಕಷ್ಟ. ಡಿಸೆಂಬರ್, ಜನವರಿಯ ತಂಪಿನಲ್ಲಿ ರಾತ್ರಿ ಕಲಸಿಟ್ಟ ಹಿಟ್ಟು ಬೆಳಿಗ್ಗೆ ಹದಕ್ಕೆ ಬಂದಿರುತ್ತದೆ, ಫ್ರಿಜ್ಜೂ ಬೇಕಾಗುವುದಿಲ್ಲ. ಗಡಿಯಾರಕ್ಕಿಂತ ಪಾತ್ರೆಯನ್ನು ನಂಬುವುದು ಲೇಸು: ನೇರ ಗೋಡೆಯ ಡಬ್ಬಿಯಲ್ಲಿ ಬ್ರೆಡ್ಡಿಗೆ ಕಲಸಿದ ಹಿಟ್ಟು ಮೊದಲಿನ ಮಟ್ಟದ ಒಂದೂವರೆಪಟ್ಟು ದಾಟಿದರೆ ಸಾಕು, ಇಮ್ಮಡಿಯಾಗುವವರೆಗೆ ಕಾಯಬೇಕಿಲ್ಲ.

ಇನ್ನು ಬೇಯಿಸುವ ಶಾಖ. ಬಜೆಟ್ಟಿನ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಮೂವತ್ತು ಲೀಟರಿನ ಸಾಧಾರಣ ಓಟಿಜಿ, ಅಂದರೆ ಮೇಜಿನ ಮೇಲಿಡುವ ವಿದ್ಯುತ್ ಓವನ್, ಸುಮಾರು 1,500 ವ್ಯಾಟಿನದು. ಹದಿನೈದು ಇಪ್ಪತ್ತು ನಿಮಿಷ ಕಾಯಿಸಿ ಮುಕ್ಕಾಲು ಗಂಟೆ ಬೇಯಿಸಿದರೆ, ನಡುನಡುವೆ ಅದು ತಾನೇ ಆರಿ ಹೊತ್ತಿಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿದು, ಒಂದೂಕಾಲರಿಂದ ಒಂದೂವರೆ ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಎಂದುಕೊಂಡರೂ ಒಂದು ಬ್ರೆಡ್ಡಿಗೆ ಒಂಬತ್ತು ರೂಪಾಯಿ ಮೀರುವುದಿಲ್ಲ. ಅದೇ, ಎರಕದ ಕಬ್ಬಿಣದ ಪಾತ್ರೆಯನ್ನು ಒಳಗಿಟ್ಟು ಮುಕ್ಕಾಲು ಗಂಟೆ ಬರಿದೇ ಕಾಯಿಸಿ, ಆಮೇಲೆ ದುಂಡು ಬ್ರೆಡ್ ಹಾಕುವ ಪದ್ಧತಿಯಲ್ಲಿ ಎರಡು ಯೂನಿಟ್ಟಿನ ಆಸುಪಾಸಿಗೆ ಹೋಗುತ್ತದೆ. ಫೋಟೋಕ್ಕೆ ತೆರುವ ಬೆಲೆ ಎಂದು ನಾನು ಹೇಳಿದ್ದರಲ್ಲಿ ಇದೂ ಸೇರಿದೆ.

ಗೃಹಜ್ಯೋತಿಯ ಫಲಾನುಭವಿಗಳು ಇನ್ನೂ ಒಂದು ಲೆಕ್ಕ ನೋಡಿಕೊಳ್ಳಬೇಕು. 2023ರಲ್ಲಿ ಆರಂಭವಾದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಸೇರಿಸಿ ಉಚಿತ ಮಿತಿಯನ್ನು ಗೊತ್ತುಪಡಿಸಲಾಗಿದೆ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್ಟುಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಸರಾಸರಿ ನೂರು ಯೂನಿಟ್ ಇದ್ದ ಮನೆಗೆ ಹೆಚ್ಚುವರಿಯಾಗಿ ಸಿಗುವುದು ಹತ್ತು ಯೂನಿಟ್. ವಾರಕ್ಕೆ ಎರಡು ಬಾರಿ ಬ್ರೆಡ್ ಬೇಯಿಸಿದರೆ ತಿಂಗಳಿಗೆ ಹನ್ನೆರಡು ಹದಿಮೂರು ಯೂನಿಟ್ಟಾಗುತ್ತದೆ, ಅಂದರೆ ಆ ಹತ್ತೂ ಓವನ್ನಿಗೇ ಹೋಗಿ ಮೇಲೆ ಇನ್ನೆರಡು ಮೂರು ಬೀಳುತ್ತವೆ. ವಾರಕ್ಕೊಮ್ಮೆ ಮಾಡಿದರೆ, ಅಥವಾ ಒಮ್ಮೆ ಕಾಯಿಸಿದ ಓವನ್ನಿನಲ್ಲಿ ಎರಡು ಟಿನ್ ಒಟ್ಟಿಗೆ ಇಟ್ಟರೆ ತೊಂದರೆಯಿಲ್ಲ. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ಓಡುವ ತಿಂಗಳಲ್ಲಿ ಮಿತಿಯ ಅಂಚಿನಲ್ಲಿರುವವರು ಓವನ್ನಿಗೆ ರಜೆ ಕೊಡುವುದೇ ಮೇಲು.

ಓವನ್ ಕೊಳ್ಳುವ ಮಾತು ಬಂದರೆ, ಹದಿನಾರು ಲೀಟರಿನ ಪುಟ್ಟ ಓಟಿಜಿಯನ್ನು ಬ್ರೆಡ್ಡಿಗಾಗಿ ಕೊಳ್ಳಬಾರದು. ಅದರಲ್ಲಿ ಮೇಲಿನ ಕಾಯಿಸುವ ಕಂಬಿ ಉಬ್ಬಿದ ಬ್ರೆಡ್ಡಿಗೆ ತೀರ ಹತ್ತಿರವಾಗಿ, ಒಳಗೆ ಬೇಯುವ ಮುನ್ನವೇ ನೆತ್ತಿ ಸೀಯುತ್ತದೆ. ಇಪ್ಪತ್ತೈದು ಮೂವತ್ತು ಲೀಟರಿನದು ಸುಮಾರು ಐದು ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಈಗ ಬ್ರೆಡ್ಡಿನ ಲೆಕ್ಕ ಹಾಕಿದರೆ: 300 ಗ್ರಾಂ ಮೈದಾ, 100 ಗ್ರಾಂ ಗೋಧಿ ಹಿಟ್ಟು, 260 ಗ್ರಾಂ ನೀರು, 80 ಗ್ರಾಂ ಸ್ಟಾರ್ಟರ್, 8 ಗ್ರಾಂ ಉಪ್ಪು. ಕಿಲೋಗೆ ಐವತ್ತರಂತೆ ಹಿಟ್ಟಿಗೆ ಇಪ್ಪತ್ತೆರಡು ರೂಪಾಯಿ, ವಿದ್ಯುತ್ತಿಗೆ ಒಂಬತ್ತು, ಸ್ಟಾರ್ಟರ್ ಸಾಕುವ ಹಿಟ್ಟು, ಟಿನ್ನಿಗೆ ಸವರುವ ಎಣ್ಣೆ ಸೇರಿದರೆ ಮೂವತ್ತೈದು. ಬೆಂದು ನೀರು ಆರಿದ ಮೇಲೆ ಆರುನೂರೈವತ್ತು ಗ್ರಾಮಿನಷ್ಟು ಬ್ರೆಡ್ ಕೈಗೆ ಸಿಗುತ್ತದೆ. ಬೇಕರಿಯ ನಾನೂರು ಗ್ರಾಮಿನ ಬ್ರೆಡ್ಡಿಗೆ ಐವತ್ತು ರೂಪಾಯಿ ಎಂದರೆ ಅಷ್ಟೇ ತೂಕಕ್ಕೆ ಎಂಬತ್ತು ದಾಟುತ್ತದೆ. ಉಳಿಯುವುದು ನಲವತ್ತೈದರ ಹತ್ತಿರ. ಹಾಗೆಂದರೆ ಓವನ್ನಿನ ಹಣ ಹುಟ್ಟಲು ನೂರಕ್ಕೂ ಹೆಚ್ಚು ಬ್ರೆಡ್ ಬೇಯಿಸಬೇಕು, ವಾರಕ್ಕೊಂದರಂತೆ ಎರಡು ವರ್ಷ. ಮನೆಯಲ್ಲಿ ಓವನ್ ಈಗಾಗಲೇ ಇದ್ದು ಬರಿದೇ ಕೂತಿದ್ದರೆ ಸೋರ್‌ಡೋ ನಿಸ್ಸಂಶಯವಾಗಿ ಅಗ್ಗ. ಅದಕ್ಕಾಗಿಯೇ ಓವನ್ ಕೊಳ್ಳುವುದಾದರೆ ಉಳಿತಾಯದ ಮಾತನ್ನು ಮರೆತು ಹವ್ಯಾಸವೆಂದೇ ಒಪ್ಪಿಕೊಂಡು ಕೊಳ್ಳಬೇಕು. ಬೆಂಗಳೂರಿನ ಅಂಗಡಿಗಳ ಸೋರ್‌ಡೋ ಬೆಲೆಯ ಜೊತೆ ಹೋಲಿಸಿ ಲಾಭ ತೋರಿಸುವವರ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಆ ಬೆಲೆ ಕೊಟ್ಟು ನಾವ್ಯಾರೂ ವಾರವಾರ ತಿನ್ನುತ್ತಿರಲಿಲ್ಲ.

ಉಳಿದ ಸಲಕರಣೆಗಳಲ್ಲಿ ಹಣ ಕೊಡಲೇಬೇಕಾದದ್ದು ಡಿಜಿಟಲ್ ತಕ್ಕಡಿಗೆ ಮಾತ್ರ. ಲೋಟದ ಅಳತೆಯಲ್ಲಿ ಸೋರ್‌ಡೋ ಕಲಿಯುವುದು ಕಷ್ಟ, ಏಕೆಂದರೆ ಹಿಟ್ಟನ್ನು ಅದುಮಿ ತುಂಬಿದಾಗಲೂ ಸಡಿಲವಾಗಿ ತುಂಬಿದಾಗಲೂ ತೂಕ ಬೇರೆಯಾಗಿರುತ್ತದೆ. ಕಲಸಿದ ಹಿಟ್ಟನ್ನು ಆಕಾರ ಕೆಡದಂತೆ ಉಬ್ಬಲು ಇಡುವ ಬೆತ್ತದ ಬುಟ್ಟಿಯ ಬದಲು ಅಕ್ಕಿ ಹಿಟ್ಟು ಉದುರಿಸಿದ ಹಳೆಯ ಪಂಚೆಯ ತುಂಡನ್ನು ಸ್ಟೀಲ್ ಜರಡಿಯಲ್ಲಿ ಹಾಸಿದರೆ ಅದೇ ಕೆಲಸವಾಗುತ್ತದೆ. ಬೇಯಿಸುವ ಮುನ್ನ ಹಿಟ್ಟಿನ ಮೇಲ್ಭಾಗವನ್ನು ಸೀಳಲು ಬ್ಲೇಡು ಸಾಕು. ಇಷ್ಟೂ ಬೇಡವೆನ್ನುವವರಿಗೆ ಸಾದಾ ಅಲ್ಯೂಮಿನಿಯಂ ಬ್ರೆಡ್ ಟಿನ್ನೇ ನನ್ನ ಶಿಫಾರಸು. ಮೈದಾದ ಸಡಿಲ ಹಿಟ್ಟಿಗೆ ಟಿನ್ನಿನ ಗೋಡೆ ಆಸರೆ ಕೊಡುವುದರಿಂದ ಆಕಾರ ಕೊಡಲು ಬಾರದವರ ಬ್ರೆಡ್ಡೂ ನೆಟ್ಟಗೆ ನಿಲ್ಲುತ್ತದೆ. ಮೇಲೆ ಇನ್ನೊಂದು ಟಿನ್ನನ್ನು ಕವುಚಿ ಇಪ್ಪತ್ತು ನಿಮಿಷ 220 ಡಿಗ್ರಿಯಲ್ಲಿ ಬೇಯಿಸಿದರೆ ಹಿಟ್ಟಿನಿಂದ ಹೊರಟ ಹಬೆ ಅಲ್ಲೇ ಉಳಿದು ಸಿಪ್ಪೆ ಬೇಗ ಗಟ್ಟಿಯಾಗದಂತೆ ತಡೆಯುತ್ತದೆ, ಬ್ರೆಡ್ ಏರಲು ಅವಕಾಶವಾಗುತ್ತದೆ. ಕಬ್ಬಿಣದ ಭಾರಿ ಪಾತ್ರೆ ಮಾಡುವ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ಓವನ್ ಇಲ್ಲದವರು ಪ್ರೆಶರ್ ಕುಕ್ಕರಿನೊಳಗೆ ಉಪ್ಪು ಅಥವಾ ಮರಳು ಹಾಕಿ ಬರಿದೇ ಕಾಯಿಸಿ ಬೇಯಿಸುವ ವಿಧಾನವನ್ನು ಹಲವರು ಹೇಳಿಕೊಡುತ್ತಾರೆ. ಕೇಕಿಗೆ ಅದು ನಡೆದೀತು. ಸೋರ್‌ಡೋಗೆ ಬೇಕಾದ ಶಾಖಕ್ಕೆ ಅಲ್ಯೂಮಿನಿಯಂ ಕುಕ್ಕರನ್ನು ನೀರಿಲ್ಲದೆ ಗಂಟೆಗಟ್ಟಲೆ ಕಾಯಿಸಿದರೆ ತಳ ಡೊಂಕಾಗುತ್ತದೆ, ನಿತ್ಯದ ಅನ್ನ ಬೇಳೆಗೂ ಅದು ಉಳಿಯುವುದಿಲ್ಲ. ಅದರ ಬದಲು ಮನೆಯ ಕಬ್ಬಿಣದ ದೋಸೆ ಕಾವಲಿಯೇ ಉತ್ತಮ. ಅದೇ ಹಿಟ್ಟನ್ನು ಬೆರಳು ದಪ್ಪದ ಬಿಲ್ಲೆಗಳಾಗಿ ತಟ್ಟಿ, ಉಬ್ಬಲು ಬಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಎರಡೂ ಬದಿ ಬೇಯಿಸಿದರೆ ಒಳಗೆ ರಂಧ್ರವಿರುವ, ಹುಳಿ ಸೂಸುವ ಮೆತ್ತನೆಯ ಬನ್ ಸಿಗುತ್ತದೆ. ತೀರ ಕಡಿಮೆ ಬಂಡವಾಳದಲ್ಲಿ ಸೋರ್‌ಡೋದ ರುಚಿ ಹೇಗಿರುತ್ತದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ರುಚಿಯ ವಿಚಾರದಲ್ಲಿ ಮನೆಯವರನ್ನು ಕೇಳಿಕೊಂಡೇ ಮುಂದುವರಿಯಬೇಕು. ಅಯ್ಯಂಗಾರ್ ಬೇಕರಿಯ ಸಿಹಿ ಬ್ರೆಡ್ಡಿಗೆ ಒಗ್ಗಿದ ಮಕ್ಕಳಿಗೆ ಹುಳಿ ಹಿಡಿಸದಿರಬಹುದು, ಹಿರಿಯರ ಹಲ್ಲಿಗೆ ಸಿಪ್ಪೆ ಗಟ್ಟಿಯಾದೀತು. ಜಾಮಿಗಿಂತ ಹುಚ್ಚೆಳ್ಳಿನ ಚಟ್ನಿಪುಡಿಗೂ ಬಸ್ಸಾರಿಗೂ ಇದು ಚೆನ್ನಾಗಿ ಹೊಂದುತ್ತದೆ. ಉಬ್ಬದೆ ಹೋದ ಬ್ರೆಡ್ ಉಪ್ಪಿಟ್ಟಿಗೆ ಆಗುತ್ತದೆ. ಆರೋಗ್ಯದ ಹೆಸರಿನಲ್ಲಿ ಹೇಳುವ ಮಾತುಗಳಲ್ಲಿ ಅರ್ಧವನ್ನು ಮಾತ್ರ ನಂಬಬೇಕು. ದೀರ್ಘ ಹುದುಗಿನಿಂದ ಹೊಟ್ಟಿನಲ್ಲಿರುವ ಫೈಟೇಟ್ ಅಂಶ ತಗ್ಗಿ ಖನಿಜಗಳು ದೇಹಕ್ಕೆ ಸೇರಲು ಅನುಕೂಲವಾಗುವುದು ನಿಜ, ಹುಳಿಯಿಂದಾಗಿ ಬೂಸ್ಟು ತಡವಾಗಿ ಹಿಡಿಯುವುದೂ ನಿಜ. ಆದರೆ ಓವನ್ನಿನಲ್ಲಿ ಬೆಂದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಗೋಧಿಯ ಗ್ಲುಟೆನ್ ಪೂರ್ತಿ ಹೋಗುವುದೂ ಇಲ್ಲ, ಆದ್ದರಿಂದ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಇದು ಖಂಡಿತ ಸಲ್ಲದು.

ಹಣಕ್ಕಿಂತ ಸಮಯವೇ ಕಡಿಮೆ ಇರುವವರಿಗೆ, ಬೆಳಿಗ್ಗೆ ಹೊರಟು ರಾತ್ರಿ ಮರಳುವ ನೌಕರರಿಗೆ, ಮೊದಲ ಆರೇಳು ಬ್ರೆಡ್ಡುಗಳನ್ನು ಅಂಗಡಿಯ ಇನ್‌ಸ್ಟಂಟ್ ಯೀಸ್ಟಿನಲ್ಲೇ ಮಾಡಲು ಹೇಳುತ್ತೇನೆ. ಮೇಲಿನ ಅಳತೆಯಲ್ಲಿ ಸ್ಟಾರ್ಟರಿನ ಬದಲು ಹಿಟ್ಟು, ನೀರು ತಲಾ 40 ಗ್ರಾಂ ಹೆಚ್ಚಿಸಿ, ಕಾಲು ಟೀ ಚಮಚಕ್ಕಿಂತ ಕಡಿಮೆ ಯೀಸ್ಟ್ ಹಾಕಿ, ರಾತ್ರಿಯಿಡೀ ಬಿಟ್ಟರೆ ನಾದುವ ಶ್ರಮವೂ ಇಲ್ಲದೆ ಒಳ್ಳೆಯ ಬ್ರೆಡ್ ಬರುತ್ತದೆ. ಬೇಸಿಗೆಯಲ್ಲಿ ಚಿಟಿಕೆಯಷ್ಟೇ ಸಾಕು. ಹಿಟ್ಟಿನ ಹದ, ಓವನ್ನಿನ ಸ್ವಭಾವ, ಬೆಂದದ್ದರ ಗುರುತು ಈ ಮೂರೂ ಕೈಗೆ ಸಿಕ್ಕ ಮೇಲೆ ಸ್ಟಾರ್ಟರ್ ತಂದುಕೊಂಡರೆ, ಬ್ರೆಡ್ ಕೆಟ್ಟಾಗ ತಪ್ಪು ಯಾವುದರದ್ದೆಂದು ಗೊತ್ತಾಗುತ್ತದೆ. ದಿನದಲ್ಲಿ ಹೆಚ್ಚು ಹೊತ್ತು ಮನೆಯಲ್ಲಿರುವವರು, ಇಡ್ಲಿ ದೋಸೆಯ ಹಿಟ್ಟಿನ ಹುಳಿ ಮೂಗಿನಿಂದಲೇ ತಿಳಿಯುವವರು ನೇರವಾಗಿ ಸ್ಟಾರ್ಟರಿನಿಂದಲೇ ಶುರುಮಾಡಬಹುದು. ಅವರಿಗೆ ಬೇಕಾಗುವ ಹೊಸ ಖರ್ಚು ಒಂದು ತಕ್ಕಡಿ ಮತ್ತು ಎರಡು ಟಿನ್. ಓವನ್ ಬೇಕೋ ಬೇಡವೋ ಎಂಬುದನ್ನು ಕಾವಲಿಯ ಬನ್ ಮನೆಯಲ್ಲಿ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದನ್ನು ನೋಡಿ ಆಮೇಲೆ ತೀರ್ಮಾನಿಸಿದರೆ ಸಾಕು.